ಚಂದ್ರನ ಗುಳಿಗೆ

ಹೋದ ತಿಂಗಳು ಗಲಗಲಿಗೆ ಹೋಗಿದ್ದೆ, ಹೆಂಡತಿಯ ತಮ್ಮನ ಮನೆಗೆ. ಸಂಜೆ ಐದೂವರೆ ಆಗಿರಬೇಕು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಪಕ್ಕದ ಮನೆಯಲ್ಲಿ ಯಾರೋ ರೊಟ್ಟಿ ಬಡಿಯುತ್ತಿದ್ದರು; ಹಂಚಿನ ಮೇಲೆ ಜೋಳದ ಹಿಟ್ಟು ಬೇಯುವ ವಾಸನೆ ಕಟ್ಟೆಯ ಮೇಲೆ ಕುಳಿತಿದ್ದ ನನ್ನ ಮೂಗಿಗೆ ಬಂತು. ಬಂದದ್ದೇ ತಡ, ಹೊಟ್ಟೆ ಗುರುಗುಟ್ಟಿತು, ಅದೂ ಪಕ್ಕದಲ್ಲಿದ್ದವರಿಗೆ ಕೇಳುವಷ್ಟು.

"ಮಾಮಾ, ಈಗರೆ ಚಾ ಜೋಡಿ ಚುರಮರಿ ತಿಂದೀರಿ. ಇಷ್ಟ ಲಗೂ ಹಸಿವಿ ಆತೇನ್ರಿ?" ಎಂದು ಹೆಂಡತಿಯ ತಮ್ಮ ನಕ್ಕ.

ನಾನೇನು ಹೇಳಲಿ? ನಾನು ಹುನ್ನೂರಿನ ಕುರುಬರ ಮನೆಯವನು. ನಮ್ಮಪ್ಪ ಬೀರೇಶ್ವರನಿಗೆ ನಡೆದುಕೊಂಡು, ದಿನವಿಡೀ ಕುರಿ ಹಿಂದೆ ಅಲೆದು, ರಾತ್ರಿ ಒಂಬತ್ತರ ಮೇಲೆ ಉಣ್ಣುತ್ತಿದ್ದವನು. ಆದರೆ ನನ್ನ ಹೊಟ್ಟೆ ಮಾತ್ರ ತೇರದಾಳದ ಜೈನರ ಹೊಟ್ಟೆ. ಹೊತ್ತು ಮುಳುಗುವ ಮೊದಲೇ ಅದಕ್ಕೆ ಊಟ ಬೀಳಬೇಕು, ಇಲ್ಲದಿದ್ದರೆ ಹೀಗೆ ನಾಲ್ಕು ಜನರ ಮುಂದೆ ಮಾನ ಕಳೆಯುತ್ತದೆ. ಅದಕ್ಕೆ ಈ ಚಾಳಿ ಹಚ್ಚಿದವಳು ಚಂಪಕ್ಕ.

ತೇರದಾಳದಲ್ಲಿ ನನ್ನದೊಂದು ಔಷಧಿ ಅಂಗಡಿಯಿದೆ. ಮೂವತ್ತು ವರ್ಷದ ಮೇಲಾಯಿತು. ಅಂಗಡಿಯಿರುವುದು ಚಂಪಕ್ಕನ ಮನೆಯ ಮುಂದಿನ ಖೋಲಿಯಲ್ಲಿ. ಡಿಪ್ಲೊಮಾ ಮುಗಿಸಿ (ಶರೀರಶಾಸ್ತ್ರದಲ್ಲಿ ಎರಡನೆಯ ಸಲಕ್ಕೆ ಪಾಸಾದದ್ದನ್ನು ನಾನು ಯಾರಿಗೂ ಹೇಳುವುದಿಲ್ಲ, ನಿಮಗೆ ಹೇಳಿದೆ) ಖೋಲಿ ಕೇಳಲು ಬಂದಾಗ ಅವಳು ಮೊದಲು ಕೇಳಿದ್ದು ನನ್ನ ಓದನ್ನಲ್ಲ, "ಊಟಕ್ಕ ಏನ ಮಾಡ್ಕೊಂಡೀ?" ಎಂದು. ಇನ್ನೂ ಏನೂ ಇಲ್ಲ ಎಂದೆ. ಅಂದಿನಿಂದ ಸಂಜೆ ಐದೂವರೆಗೆ ಒಳಗಿನ ಬಾಗಿಲು ಅರ್ಧ ತೆರೆದು ಅವಳ ಕೂಗು ಬರುತ್ತಿತ್ತು. "ಹೊತ್ತು ಮುಣಗಾಕತ್ತೈತಿ ತಮ್ಮಾ. ಅಂಗಡಿ ಏನ ಓಡಿ ಹೋಗಂಗಿಲ್ಲ. ಎರಡ ರೊಟ್ಟಿ ತಿಂದು ಕುಂಡ್ರು ಬಾ." ಮದುವೆಯಾಗಿ ಸಂಸಾರ ಹೂಡಿದ ಮೇಲೂ ಆ ಎರಡು ರೊಟ್ಟಿ ತಪ್ಪಲಿಲ್ಲ. ಉಳ್ಳಾಗಡ್ಡಿ ಬೆಳ್ಳುಳ್ಳಿ ಇಲ್ಲದ ಆ ಅಡುಗೆಗೆ ಮೊದಮೊದಲು ಮೂಗು ಮುರಿದವನು ಆಮೇಲೆ ನಮ್ಮವ್ವನ ಪಲ್ಯದಲ್ಲೇ ಬೆಳ್ಳುಳ್ಳಿ ಹೆಚ್ಚಾಯಿತು ಎನ್ನುವ ಮಟ್ಟಿಗೆ ಕೆಟ್ಟೆ.

ಅವಳನ್ನು ಏಕವಚನದಲ್ಲಿ ಕರೆಯುತ್ತಿದ್ದೇನೆಂದು ತಪ್ಪು ತಿಳಿಯಬೇಡಿ. ನನಗಿಂತ ಹದಿನೇಳು ವರ್ಷ ದೊಡ್ಡವಳು. ಆದರೆ ದಿನಾ ಅನ್ನ ಹಾಕಿದ ಅಕ್ಕನಿಗೆ ಬಹುವಚನ ಹಚ್ಚಿದರೆ ಅವಳೇ ಗದರುತ್ತಿದ್ದಳು.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ಕಬ್ಬಿನ ಹೊಲ ನೋಡುತ್ತಿದ್ದ, ಸೊಸೆ ಸುಜಾತಾ ಮನೆ ನೋಡುತ್ತಿದ್ದಳು, ಇಬ್ಬರನ್ನೂ ಚಂಪಕ್ಕ ನೋಡುತ್ತಿದ್ದಳು. ಅವಳ ತಲೆಯಲ್ಲಿ ಜಮಖಂಡಿಯಿಂದ ಬೀಳಗಿಯವರೆಗಿನ ಜೈನ ಮನೆತನಗಳೆಲ್ಲ ಕುಳಿತಿದ್ದವು. ಒಮ್ಮೆ ಮುಧೋಳದ ಮದುವೆಗೆ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಎಲೆಗೆ ಬಡಿಸುತ್ತಿದ್ದ ಒಬ್ಬ ಹೆಂಗಸನ್ನು ತಡೆದು ನಿಲ್ಲಿಸಿ, "ನೀ ಬೀಳಗಿಯವರ ಮಮ್ಮಗಳಲ್ಲೇನ? ನಿಮ್ಮ ಅಜ್ಜಿ ಹಿಂಗ ನಡಿಯೂವಾಗ ಎಡಕ್ಕ ವಾಲತಿದ್ಲು" ಎಂದಳು. ಹೆಂಗಸು ಬುಟ್ಟಿ ಕೆಳಗಿಟ್ಟು ಕಾಲಿಗೆ ಬಿದ್ದಳು. ಚಂಪಕ್ಕ ಆ ಅಜ್ಜಿಯನ್ನು ನೋಡಿದ್ದು ಒಂದೇ ಸಲ, ಅದೂ ನಲವತ್ತು ವರ್ಷದ ಹಿಂದೆ.

ಆದರೆ ಇದೆಲ್ಲ ಅವಳಿಗೆ ಬಿಡುವಿನ ಆಟ. ಬದುಕಿನಲ್ಲಿ ಅವಳಿಗೆ ನಿಜವಾಗಿ ಬೇಕಾಗಿದ್ದದ್ದು ಒಂದೇ. ಊರಿಗೆ ಮುನಿಗಳು ಬಂದಾಗ ತನ್ನ ಕೈಯಿಂದ ಅವರಿಗೆ ಆಹಾರ ಕೊಡುವುದು.

ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ. ನಿಂತುಕೊಂಡು, ಬೊಗಸೆಯಲ್ಲಿ ಹಾಕಿದ್ದನ್ನಷ್ಟೇ. ನೀರೂ ಆಗ ಕುಡಿದದ್ದೇ. ಮಳೆಗಾಲದ ನಾಲ್ಕು ತಿಂಗಳು ಅವರು ಒಂದೇ ಊರಲ್ಲಿ ನಿಲ್ಲುತ್ತಾರೆ. ತೇರದಾಳದಲ್ಲಿ ನಿಂತರೆಂದರೆ ಚಂಪಕ್ಕನಿಗೆ ಹಬ್ಬ. ನೀರು ಸೋಸಿ ಕಾಯಿಸುವುದು, ಕಾಳು ಒಂದೊಂದಾಗಿ ಆರಿಸುವುದು, ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತು ಕರೆಯುವುದು. ಮುನಿಗಳು ಮನಸ್ಸಿನಲ್ಲೇ ಒಂದು ನೇಮ ಮಾಡಿಕೊಂಡು ಬರುತ್ತಾರಂತೆ. ಅದು ಯಾರ ಬಾಗಿಲಲ್ಲಿ ಕೂಡುತ್ತದೋ ಅಲ್ಲಿ ನಿಲ್ಲುತ್ತಾರೆ. ನಿಂತ ಮೇಲೆ ಪ್ರದಕ್ಷಿಣೆ, ಪಾದ ತೊಳೆಯುವುದು, ಪೂಜೆ, ಮನ ಶುದ್ಧ, ಮಾತು ಶುದ್ಧ, ಅನ್ನ ಶುದ್ಧ ಎಂದು ಹೇಳುವುದು. ಒಂದಾದ ಮೇಲೆ ಒಂದು, ಕ್ರಮ ತಪ್ಪದಂತೆ. ಕೂದಲು ಸಿಕ್ಕರೆ, ಇರುವೆ ಬಿದ್ದರೆ, ಅವರು ವ್ರತಕ್ಕೆಂದು ಬಿಟ್ಟ ಪದಾರ್ಥ ಬೊಗಸೆಗೆ ಬಂದರೆ ಅಲ್ಲಿಗೆ ಊಟ ಮುಗಿಯಿತು. ಅದಕ್ಕೆ ಅಂತರಾಯ ಎನ್ನುತ್ತಾರೆ. ಮರುದಿನದವರೆಗೆ ಹನಿ ನೀರಿಲ್ಲ. ನಾನು ಇದನ್ನೆಲ್ಲ ನನ್ನ ಅಂಗಡಿಯ ಒಳಬಾಗಿಲ ಸಂದಿಯಿಂದ ನೋಡಿ ಕಲಿತವನು. ಚಂಪಕ್ಕನ ಕೈಯಲ್ಲಿ ಒಮ್ಮೆಯೂ ಅಂತರಾಯವಾದದ್ದನ್ನು ನೋಡಿರಲಿಲ್ಲ.

ಈಗ ನನ್ನ ಹೆಚ್ಚುಗಾರಿಕೆಯ ಮಾತು ಸ್ವಲ್ಪ ಹೇಳುತ್ತೇನೆ, ಸಹಿಸಿಕೊಳ್ಳಿ. ನಮ್ಮ ಕಡೆ ಓದು ಬಾರದ ಗಿರಾಕಿಗಳು ಬಹಳ. ಅವರಿಗೆ ಗುಳಿಗೆ ಕೊಡುವಾಗ ಎಲ್ಲರೂ ಪಾಕೀಟಿನ ಮೇಲೆ ಗೀಟು ಎಳೆದು ಕೊಡುತ್ತಾರೆ. ನಾನು ಚಿತ್ರ ಬರೆಯುತ್ತೇನೆ. ಬೆಳಗಿನದಕ್ಕೆ ಕಿರಣವಿರುವ ಸೂರ್ಯ, ರಾತ್ರಿಯದಕ್ಕೆ ಅರ್ಧ ಚಂದ್ರ. ರಬಕವಿ ಬನಹಟ್ಟಿಯ ಅಂಗಡಿಗಳಲ್ಲೆಲ್ಲ ಹುಡುಕಿದರೂ ನನ್ನಂಥ ಚಂದ್ರ ಸಿಗುವುದಿಲ್ಲ ಎಂದು ನನಗೆ ಸೊಕ್ಕಿತ್ತು. ನೇಕಾರ ಮುದುಕರು ಬಂದು, "ಚಂದ್ರನ ಗುಳಿಗಿ ತೀರ್ಯಾವ, ಸೂರ್ಯನ್ವು ಇನ್ನೂ ಅದಾವ" ಎಂದು ಲೆಕ್ಕ ಒಪ್ಪಿಸುತ್ತಿದ್ದರು.

ಚಂಪಕ್ಕನಿಗೆ ಅರವತ್ತಾರು ಇದ್ದಾಗ ಒಂದು ದಿನ ಕತ್ತು ನೋಯುತ್ತದೆ ಎಂದಳು. ಅಂಗಡಿಯಲ್ಲಿದ್ದ ಯಂತ್ರ ತಂದು ತೋಳಿಗೆ ಪಟ್ಟಿ ಸುತ್ತಿ ನೋಡಿದೆ. ರಕ್ತದೊತ್ತಡ ನಾನು ನಿರೀಕ್ಷಿಸಿದ್ದಕ್ಕಿಂತ ಎಷ್ಟೋ ಮೇಲಿತ್ತು. ಜಮಖಂಡಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮುಂಜಾನೆ ಒಂದು, ರಾತ್ರಿ ಊಟವಾದ ಮೇಲೆ ಒಂದು ಗುಳಿಗೆ ಬರೆದರು, ಉಪ್ಪು ಕಡಿಮೆ ಮಾಡಿ ಎಂದರು. ಮರಳಿ ಬಂದು ನಾನೇ ಪಾಕೀಟು ಕಟ್ಟಿದೆ. ಸೂರ್ಯ ಬರೆದೆ. ಚಂದ್ರ ಬರೆದೆ. ಅಕ್ಕನದೆಂದು ಚಂದ್ರನ ಪಕ್ಕ ಎರಡು ಚುಕ್ಕಿಗಳನ್ನೂ ಹಾಕಿದೆ. ಅವಳು ಅದನ್ನು ನೋಡಿ, "ಏ ಛಲೋ ತಗದಿ ನೋಡು" ಎಂದು ಸುಜಾತಾಳಿಗೂ ತೋರಿಸಿದಳು.

ಏಳು ವರ್ಷ, ತಿಂಗಳು ತಿಂಗಳು, ಅದೇ ಚೀಟಿಯ ಮೇಲೆ ಅದೇ ಗುಳಿಗೆ ಕಟ್ಟಿಕೊಟ್ಟೆ. ಮತ್ತೊಮ್ಮೆ ಡಾಕ್ಟರಿಗೆ ತೋರಿಸಬೇಕಾಗಿತ್ತು, ನಾನಿದ್ದೇನಲ್ಲ ಎಂದುಕೊಂಡೆ. "ಗುಳಿಗಿ ತಗೊಂಡಿ ಏನಕ್ಕಾ?" ಎಂದು ಮುಂಜಾನೆ ಕೇಳುತ್ತಿದ್ದೆ. "ತಗೊಂಡೆನಪಾ" ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುವವಳಲ್ಲ. ಆಗೀಗ ಒತ್ತಡ ನೋಡಿದರೆ ಮೇಲೇ ಇರುತ್ತಿತ್ತು. ಶೇಂಗಾ ಹಿಂಡಿಯ ಉಪ್ಪಿನ ಮೇಲೆ ತಪ್ಪು ಹೊರಿಸಿ ಬೈಯುತ್ತಿದ್ದೆ.

ಚಂಪಕ್ಕನಲ್ಲಿ ಬದಲಾವಣೆ ಯಾವಾಗ ಶುರುವಾಯಿತು ಎಂದು ಸುಜಾತಾಳನ್ನು ಕೇಳಿದರೆ ಒಂದು ಹೇಳುತ್ತಾಳೆ, ನನ್ನನ್ನು ಕೇಳಿದರೆ ಇನ್ನೊಂದು. ಅಡುಗೆಮನೆಯಲ್ಲಿ ಕೈಯಲ್ಲಿ ಸೌಟು ಹಿಡಿದು ಮುಂದೇನು ಎಂಬಂತೆ ನಿಂತುಬಿಡುತ್ತಿದ್ದಳು. ಹೆಜ್ಜೆಗಳು ಸಣ್ಣವಾದವು, ನೆಲ ಸವರಿಕೊಂಡು ನಡೆಯತೊಡಗಿದಳು. ಹೋಳಿಗೆಗೆ ಹೂರಣ ಮಾಡಿ ಕಣಕ ನಾದುವುದನ್ನೇ ಬಿಟ್ಟಿದ್ದಳು ಒಂದು ದಿನ. ಕಾರಣವಿಲ್ಲದೆ ಕಣ್ಣೀರು ಬರುತ್ತಿತ್ತು. ಆರು ತಿಂಗಳು ಏನೂ ಇಲ್ಲದೆ ಸರಿಯಾಗಿರುವಳು, ಒಂದು ದಿನ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಕೆಳಗಿಳಿದಿರುವಳು.

ನಾವು ಮೋಸಹೋದದ್ದು ಅವಳ ನೆನಪಿನಿಂದಲೇ. ಬಂದವರೆಲ್ಲ ಪರೀಕ್ಷೆ ಮಾಡುತ್ತಿದ್ದರು. "ನಾ ಯಾರು ಹೇಳ ನೋಡೂಣು?" ಅವಳು ಹೆಸರಷ್ಟೇ ಅಲ್ಲ, ಅವರ ಅಜ್ಜನ ಅಡ್ಡಹೆಸರನ್ನೂ ಹೇಳುತ್ತಿದ್ದಳು. "ಇಕಿಗೆ ಏನಾಗೈತಿ? ನಮಗಿಂತ ಛಲೋ ಅದಾಳ" ಎಂದು ಅವರು ಚಹಾ ಕುಡಿದು ಹೋಗುತ್ತಿದ್ದರು. ಹಳೆಯದನ್ನು ನೆನೆಯುವುದು ಬೇರೆ, ಮುಂದಿನ ಕೆಲಸವನ್ನು ತಲೆಯಲ್ಲಿ ಜೋಡಿಸಿಕೊಳ್ಳುವುದು ಬೇರೆ ಎಂದು ನಮಗೆ ಯಾರಿಗೂ ತಿಳಿಯಲಿಲ್ಲ. ವಯಸ್ಸಾಯಿತು ಎಂದೆವು. ನಾನಂತೂ ಒಂದು ಹೆಜ್ಜೆ ಮುಂದೆ ಹೋಗಿ ನೆನಪಿನ ಶಕ್ತಿಗೆಂದು ಮಿದುಳಿನ ಚಿತ್ರವಿದ್ದ ಒಂದು ಬಾಟಲಿ ಕೊಟ್ಟೆ. ಸಿಹಿಯಾಗಿತ್ತು. ಅವಳು ಅದನ್ನು ಚಮಚ ನೆಕ್ಕಿ ಕುಡಿಯುತ್ತಿದ್ದಳು. ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಆರು ವರ್ಷದ ಹಿಂದಿನ ಮಳೆಗಾಲ. ಆ ಸಲ ಊರಿನಲ್ಲಿ ನಿಂತ ಮುನಿಗಳು ಉಪ್ಪು ಬಿಟ್ಟವರು. ಆ ಸಂಗತಿಯನ್ನು ಓಣಿಯ ಮನೆಮನೆಗೆ ಹೋಗಿ ಹೇಳಿದವಳು ಚಂಪಕ್ಕನೇ. "ಉಪ್ಪಿನ ಡಬ್ಬಿ ಆ ಕಡಿ ಇಡ್ರಿ ಬೇ, ಮರತ ಬಿಡ್ತೀರಿ" ಎಂದು ಸೊಸೆಯಂದಿರಿಗೆಲ್ಲ ತಾಕೀತು ಮಾಡಿದ್ದಳು. ಒಂದು ಬೆಳಗ್ಗೆ ಮುನಿಗಳು ನಮ್ಮ ಬಾಗಿಲಲ್ಲೇ ನಿಂತರು. ನಾನು ಗಿರಾಕಿಗಳಿಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದೆ. ಚಂಪಕ್ಕನ ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಒಂದು ಮಾತೂ ತಪ್ಪಲಿಲ್ಲ. ಒಳಗೆ ಕರೆದುಕೊಂಡು ಹೋದರು. ಇನ್ನು ಅರ್ಧ ಗಂಟೆ ಬೇಕು ಎಂದುಕೊಂಡು ನಾನು ಗುಳಿಗೆ ಎಣಿಸತೊಡಗಿದೆ.

ಸ್ವಲ್ಪ ಹೊತ್ತಿಗೇ ಮುನಿಗಳು ಹೊರಗೆ ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ಬೇಸರವೂ ಇರಲಿಲ್ಲ. ಬಂದಷ್ಟೇ ಶಾಂತವಾಗಿ ನಡೆದು ಹೋದರು. ಅವರ ಹಿಂದೆ ಸುಜಾತಾ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಅಂತರಾಯ ಆತ್ರೀ. ಅತ್ತಿ ಹೆಸರಬ್ಯಾಳಿಗೆ ಉಪ್ಪು ಹಾಕ್ಯಾರ. ಮೊದಲನೇ ತುತ್ತಿಗೇ ಕೈ ಬಿಟ್ರು."

ಒಳಗೆ ಹೋದೆ. ಚಂಪಕ್ಕ ಗೋಡೆಗೆ ಆತು ಕುಳಿತಿದ್ದಳು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಅವುಗಳನ್ನೇ ನೋಡುತ್ತಿದ್ದಳು. "ನಾಳಿತನಕ ಅವರು ನೀರು ಕುಡಿಯಂಗಿಲ್ಲೋ ತಮ್ಮಾ" ಎಂದಳು. ಆ ದಿನ ಅವಳೂ ನೀರು ಮುಟ್ಟಲಿಲ್ಲ. ಮರುದಿನ, "ಇನ್ನ ಈ ಕೈ ಬ್ಯಾಡ" ಎಂದು ಸೌಟನ್ನು ಸುಜಾತಾಳ ಕೈಗೆ ಕೊಟ್ಟಳು. ಯಾರು ಎಷ್ಟು ಹೇಳಿದರೂ ಮತ್ತೆ ತೆಗೆದುಕೊಳ್ಳಲಿಲ್ಲ.

ಆಗ ನನಗೆ ಎಚ್ಚರವಾಯಿತು ಎನ್ನಬೇಕು. ಜಮಖಂಡಿಗೆ ಕರೆದುಕೊಂಡು ಹೊರಟೆ, ಸುಜಾತಾಳೂ ಬಂದಳು. ಬಸ್ಸು ಬನಹಟ್ಟಿ ದಾಟುವಾಗ ಎರಡೂ ಕಡೆಯಿಂದ ಮಗ್ಗಗಳ ಸದ್ದು. ಮೊದಲಾದರೆ ಚಂಪಕ್ಕ ಕಿಟಕಿಯ ಹತ್ತಿರ ಕುಳಿತು, ಇದು ಯಾರ ಮನೆ, ಅವರು ಯಾವ ಊರಿಂದ ಸೊಸೆ ತಂದರು, ಎಲ್ಲ ಹೇಳುತ್ತ ಹೋಗುತ್ತಿದ್ದಳು. ಅವತ್ತು ನಾನೇ ಏನೇನೋ ಮಾತಾಡಿದೆ.

ಡಾಕ್ಟರು ಎಲ್ಲ ಕೇಳಿಕೊಂಡರು, ದೊಡ್ಡ ಊರಿಗೆ ಕಳಿಸಿ ತಲೆಯ ಚಿತ್ರ ತೆಗೆಸಿದರು. ಮುಂದಿನ ವಾರ ಆ ಚಿತ್ರವನ್ನು ಬೆಳಕಿಗೆ ಹಿಡಿದು ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿದ್ದ ಕಲೆಗಳನ್ನು ತೋರಿಸಿದರು. ನನಗೆ ಹೇಳುವ ಬದಲು ಚಂಪಕ್ಕನಿಗೇ ಹೇಳಿದ್ದು ನನಗೆ ಹಿಡಿಸಿತು.

"ಅಕ್ಕಾರ, ನಿಮ್ಮ ಹೊಲಕ್ಕ ಹಿಪ್ಪರಗಿ ಡ್ಯಾಮಿನ ನೀರು ಬರತೈತೇನ್ರಿ?"

"ಬರತೈತ್ರಿ."

"ದೊಡ್ಡ ಕಾಲುವಿ ತುಂಬಿ ಹರಿಯಾಕತ್ತಿದ್ರೂ ಒಮ್ಮೊಮ್ಮೆ ತುದಿ ಹೊಲಕ್ಕ ನೀರು ಮುಟ್ಟೂದಿಲ್ಲ. ಯಾಕ?"

"ನಡುವಿನ ಸಣ್ಣ ಕಾಲುವಿ ಕೆಟ್ಟಿರತಾವ್ರಿ."

"ತಲಿಯಾಗೂ ಹಂಗ ನೋಡ್ರಿ. ದೊಡ್ಡ ರಕ್ತನಾಳ ಸರಿ ಅದಾವ. ಕೂದಲಿನಂಥ ಸಣ್ಣವು ಇರತಾವಲ್ಲ, ಬೀಪಿ ಜಾಸ್ತಿಯಾಗಿ ಆಗಿ ಅವು ಗಡಸಾಗ್ಯಾವ, ಕೆಲವು ಮುಚ್ಯಾವ. ಅಲ್ಲಲ್ಲಿ ಮಿದುಳಿಗೆ ರಕ್ತ ಮುಟ್ಟಿಲ್ಲ. ಅದಕ್ಕ ಕೆಲಸದ ಕ್ರಮ ತಪ್ಪಾಕತ್ತೈತಿ, ನಡಿಗಿ ಸಣ್ಣದಾಗೈತಿ. ಇದು ನಿಮ್ಮ ತಪ್ಪಲ್ಲ."

ಆಮೇಲೆ ಅವರು ಚೀಟಿ ನೋಡಿ, "ಗುಳಿಗಿ ಬರೋಬ್ಬರಿ ನಡದಾವೇನ್ರಿ?" ಎಂದರು. ಚಂಪಕ್ಕ ಬಾಯಿ ತೆರೆಯುವ ಮೊದಲೇ ನಾನು, "ಒಂದ ತಿಂಗಳೂ ತಪ್ಪಿಸಿಲ್ರಿ, ನಾನ ಕೊಟ್ಟೇನಿ" ಎಂದೆ. ಎಷ್ಟು ಗತ್ತಿನಿಂದ ಹೇಳಿದೆನೆಂದರೆ ಆ ದನಿ ಇನ್ನೂ ನನ್ನ ಕಿವಿಯಲ್ಲಿದೆ.

"ಮುಂಜಾನಿದು ತಗೊಂಡೇನ್ರಿ" ಎಂದಳು ಚಂಪಕ್ಕ.

"ರಾತ್ರಿದು?"

"ಹೊತ್ತು ಮುಣಗಿದ ಮ್ಯಾಲೆ ನಾವು ನೀರು ಮುಟ್ಟಂಗಿಲ್ಲಲ್ರೀ."

ಡಾಕ್ಟರು ಅವಳನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಎಲ್ಲಿ ನೋಡಲಿ? ಇಪ್ಪತ್ತು ವರ್ಷಕ್ಕೂ ಮೇಲೆ ಅವಳ ಮನೆಯಲ್ಲಿ ಐದೂವರೆಗೆ ರೊಟ್ಟಿ ತಿಂದವನು ನಾನು. ಅವಳು ಸೂರ್ಯ ಮುಳುಗಿದ ಮೇಲೆ ಹನಿ ನೀರೂ ಕುಡಿಯುವುದಿಲ್ಲ ಎಂದು ಈ ಭೂಮಿಯ ಮೇಲೆ ಯಾರಿಗಾದರೂ ಚೆನ್ನಾಗಿ ಗೊತ್ತಿದ್ದರೆ ಅದು ನನಗೆ. ಅದೇ ನಾನು ತಿಂಗಳು ತಿಂಗಳು ಅವಳಿಗೆ ಚಂದ್ರನನ್ನು ಬರೆದುಕೊಟ್ಟಿದ್ದೆ, ಚುಕ್ಕಿ ಸಮೇತ. ಎರಡೂ ನನಗೆ ಗೊತ್ತಿದ್ದವು. ಎರಡನ್ನೂ ಒಂದು ದಿನವೂ ಕೂಡಿಸಿ ನೋಡಿರಲಿಲ್ಲ.

"ಸಂಜಿ ಊಟದ ಜೋಡಿ ತಗೋಬಹುದಿತ್ತಲ್ರೀ" ಎಂದರು ಡಾಕ್ಟರು. "ಐದಕ್ಕ ತಗೊಂಡ್ರೂ ನಡೀತಿತ್ತು."

ಅವರು ಒಳ್ಳೆಯ ಮನುಷ್ಯ. ನಾನು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಹಿಂದೆಯೇ ಬಂದು ಹೇಳಿದರು: "ಇದೊಂದರಿಂದನ ಆತು ಅಂತ ನಾ ಹೇಳಂಗಿಲ್ಲ. ವಯಸ್ಸೈತಿ, ಉಪ್ಪೈತಿ, ಮತ್ತೂ ಏನೇನೋ ಇರತಾವ. ಆದ್ರ ಬೀಪಿ ಹಿಡತದಾಗ ಇದ್ದಿದ್ರ ಛಲೋ ಇತ್ತು, ಅದು ಖರೆ. ನಾನೂ ರಾತ್ರಿ ಅಂತ ಬರದೆ, ಕೇಳಲಿಲ್ಲ. ಹೋಗಿದ್ದನ್ನ ಹೊಳ್ಳಿ ತರಾಕ ಬರೂದಿಲ್ಲ. ಉಳದದ್ದನ್ನ ಕಾಯ್ಕೊಳ್ಳಾಕ ಬರತೈತಿ." ಆ ಮಾತಿನಲ್ಲಿ ಅರ್ಧ ಸಮಾಧಾನವಿತ್ತು. ಇನ್ನರ್ಧ ನನಗೆ ಬೇಡವೆಂದರೂ ಸಿಕ್ಕಿತ್ತು.

ಊರಿಗೆ ಬಂದ ಮೇಲೆ ಸುಜಾತಾ ಅತ್ತೆಯ ಟ್ರಂಕು ತೆರೆದಳು. ಸೀರೆಗಳ ಕೆಳಗೆ ಒಂದು ತಗಡಿನ ಪೆಟ್ಟಿಗೆ. ಅದರ ತುಂಬ ನನ್ನ ಪಾಕೀಟುಗಳು. ಏಳು ವರ್ಷದ ಚಂದ್ರರನ್ನು ಬಿಚ್ಚದೆ, ಒಂದರ ಮೇಲೊಂದು ನೀಟಾಗಿ ಜೋಡಿಸಿಟ್ಟಿದ್ದಳು ಚಂಪಕ್ಕ. ಕೆಳಗಿನವು ಹಳದಿಯಾಗಿದ್ದವು. ಕೆಲವಕ್ಕೆ ನಾನು ಕಣ್ಣು ಮೂಗು ಬರೆದು ನಗಿಸಿದ್ದೆ. ನನಗೆ ಸಿಟ್ಟು ಬಂತು, ನನ್ನ ಮೇಲೆ ಬಂದದ್ದು ಅವಳ ಮೇಲೆ ತಿರುಗಿತು.

"ನನಗ ಒಂದ ಮಾತು ಹೇಳಾಕ ಏನಾಗಿತ್ತಕ್ಕಾ ನಿನಗ?"

ಆಗಲೇ ಅವಳಿಗೆ ಮಾತು ಜೋಡಿಸಲು ಸಮಯ ಬೇಕಾಗುತ್ತಿತ್ತು. "ಡಾಕ್ಟರು ರಾತ್ರಿ ಅಂದ್ರು. ಹಗಲು ತಗೊಂಡ್ರ ಅವರ ಮಾತು ಮೀರಿಧಂಗ. ರಾತ್ರಿ ತಗೊಂಡ್ರ ನನ್ನ ವ್ರತ ಮೀರಿಧಂಗ. ನೀ ಅಷ್ಟ ಪ್ರೀತಿಲೆ ಚಂದ್ರನ್ನ ತಗದ ಕೊಡ್ತಿದ್ದಿ. ಬ್ಯಾಡ ಅನ್ನೂದು ಹ್ಯಾಂಗ? ಒಗಿಯೂದು ಹ್ಯಾಂಗ?" ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಅಂಗಡಿಗೆ ಬಂದು ಬಾಗಿಲು ಅರ್ಧ ಮುಚ್ಚಿ, ಗಟ್ಟಿ ಗಂಡಸು ನಾನು, ಔಷಧಿ ಪೆಟ್ಟಿಗೆಗಳ ಹಿಂದೆ ಕುಳಿತು ಅತ್ತೆ.

ಅಂದಿನಿಂದ ಎರಡನೆಯ ಗುಳಿಗೆ ಐದೂವರೆಯ ರೊಟ್ಟಿಯ ಜೊತೆ ಹೋಗುತ್ತದೆ, ನನ್ನ ಕಣ್ಣೆದುರಿಗೆ. ಒತ್ತಡ ಇಳಿಯಿತು, ಇಳಿದೇ ನಿಂತಿತು. ಬೆಳಗ್ಗೆ ಸುಜಾತಾ ಅತ್ತೆಯನ್ನು ಬಸದಿಯವರೆಗೆ ನಡೆಸಿಕೊಂಡು ಹೋಗಿ ಬರುತ್ತಾಳೆ. ಎರಡು ವರ್ಷ ಚಂಪಕ್ಕ ಹಾಗೇ ಇದ್ದಳು; ಆಮೇಲೆ ಮೆಲ್ಲಗೆ ಒಂದು ಮೆಟ್ಟಿಲು, ಹೋದ ವರ್ಷ ಇನ್ನೊಂದು. ಡಾಕ್ಟರು ಇದಕ್ಕಿಂತ ವೇಗವಾಗಿ ಆಗಬಹುದಿತ್ತು ಎನ್ನುತ್ತಾರೆ. ಈಗ ಅವಳಿಗೆ ಅಜ್ಜ ಮುತ್ತಜ್ಜರ ಕಾಲದ ಸಂಬಂಧಗಳು ಇನ್ನೂ ಗಟ್ಟಿ, ಬೆಳಗಿನ ಮಾತು ಮಧ್ಯಾಹ್ನಕ್ಕೆ ಇರುವುದಿಲ್ಲ.

ನನ್ನ ಅಂಗಡಿಯಲ್ಲೂ ಬದಲಾಯಿತು. ಪೆನ್ನು ಎತ್ತುವ ಮೊದಲು ಕೇಳುತ್ತೇನೆ, "ಎಷ್ಟಕ್ಕ ಏಳ್ತೀರಿ? ಎಷ್ಟಕ್ಕ ಉಣ್ತೀರಿ? ಯಾವ ವಾರ ಉಪವಾಸ?" ರಾತ್ರಿ ಪಾಳಿಯ ಮಗ್ಗದವರು ಬೆಳಗಾದ ಮೇಲೆ ಮಲಗುತ್ತಾರೆ. ರಂಜಾನಿನಲ್ಲಿ ರೋಜಾ ಹಿಡಿದವರು ನಸುಕಿನಲ್ಲಿ ಉಣ್ಣುತ್ತಾರೆ. ಸೋಮವಾರ ಒಪ್ಪತ್ತು ಮಾಡುವವರು ಗುಳಿಗೆಯನ್ನೂ ಒಪ್ಪತ್ತು ಮಾಡಿಬಿಡುತ್ತಾರೆ. ಯಾರಿಗೆ ಹೊಂದುವುದಿಲ್ಲವೋ ಅವರ ಡಾಕ್ಟರಿಗೆ ಫೋನು ಮಾಡಿ ಹೊತ್ತು ಬದಲಿಸಿಕೊಡಲು ಕೇಳುತ್ತೇನೆ. "ಗುಳಿಗಿ ಕೊಡೋ ಮಾರಾಯಾ, ನನ್ನ ಜಾತಕ ಯಾಕ ಕೇಳ್ತಿ?" ಎಂದು ಗಿರಾಕಿಗಳು ರೇಗುತ್ತಾರೆ. ರೇಗಲಿ.

ಈ ಮಳೆಗಾಲ ಅದೇ ಮುನಿಗಳು ಮತ್ತೆ ತೇರದಾಳಕ್ಕೆ ಬಂದರು. ಉಪ್ಪು ಬಿಟ್ಟವರು. ಸುದ್ದಿ ಕೇಳಿದಾಗಿನಿಂದ ಸುಜಾತಾಳಿಗೆ ಒಂದೇ ಹಟ, ಅತ್ತೆಯ ಕೈಯಿಂದ ಒಂದು ತುತ್ತಾದರೂ ಕೊಡಿಸಬೇಕು ಎಂದು. ಚಂಪಕ್ಕ ಒಪ್ಪಲಿಲ್ಲ. ಎಷ್ಟೋ ಮರೆತವಳು ಅದೊಂದನ್ನು ಮರೆತಿರಲಿಲ್ಲ. ಸುಜಾತಾ ನನ್ನ ಹತ್ತಿರ ಬಂದು, "ನೀವು ಹೇಳ್ರಿ, ನಿಮ್ಮ ಮಾತು ಕೇಳ್ತಾರ" ಎಂದಳು. ಮತ್ತೊಮ್ಮೆ ತಪ್ಪಿದರೆ? ಮತ್ತೊಂದು ದಿನ ಅವಳು ತನ್ನ ಅಂಗೈ ನೋಡಿಕೊಂಡು ಕೂರುವುದನ್ನು ನಾನು ನೋಡಲಾರೆ ಎನಿಸಿತು. ಆದರೂ ಹೋಗಿ ಅವಳ ಮುಂದೆ ಕುಳಿತು, "ಅಕ್ಕಾ, ಉಪ್ಪಿಂದು ನನಗ ಬಿಡು. ಮನ್ಯಾಗ ಉಪ್ಪಿನ ಒಂದ ಹಳ್ಳು ಇರದಂಗ ನೋಡ್ತೇನಿ" ಎಂದೆ. ಅವಳು ನನ್ನ ಮುಖ ನೋಡಿದಳು. "ಖರೇನ?" ಎಂದಳು. ಖರೆ ಎಂದೆ.

ಹೋದ ವಾರ ಅವರು ನಮ್ಮ ಬಾಗಿಲಲ್ಲಿ ನಿಂತರು. ಆ ಹೊತ್ತಿಗೆ ಮನೆಯ ಉಪ್ಪಿನ ಡಬ್ಬಿ ನನ್ನ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲಿತ್ತು, ಕೆಮ್ಮಿನ ಔಷಧದ ಪಕ್ಕ. ಒಳಗಿನಿಂದ ಸ್ವಲ್ಪ ಸ್ವಲ್ಪ ಹೊತ್ತಿಗೆ ಸುಜಾತಾಳ ದನಿ ಕೇಳುತ್ತಿತ್ತು. "ಅತ್ತಿ, ಈಗ ಪಾದ. ಅತ್ತಿ, ಈಗ ನೀರು. ಈಗ ಬ್ಯಾಳಿ, ಹಾಂ, ಹಾಕ್ರಿ." ನಾನು ಗಡಿಯಾರ ನೋಡುತ್ತ ನಿಂತೆ. ಕಾಲು ಗಂಟೆಯಾಯಿತು. ಯಾರೂ ಹೊರಗೆ ಬರಲಿಲ್ಲ. ಚೀಟಿ ಹಿಡಿದು ನಿಂತವರಿಗೆ ನಾನು ಏನು ಕೊಟ್ಟುಬಿಡುತ್ತೇನೋ ಎಂದು ಹೆದರಿ, ಎಲ್ಲರನ್ನೂ ಕಟ್ಟೆಯ ಮೇಲೆ ಕೂರಿಸಿದೆ. ಅರ್ಧ ಗಂಟೆ ದಾಟಿತು. ಆಮೇಲೆ ಮುನಿಗಳು ಹೊರಗೆ ಬಂದರು, ಊಟ ಮುಗಿಸಿ. ಬಾಗಿಲಲ್ಲಿ ತಿರುಗಿ ನಿಂತು ಚಂಪಕ್ಕನ ಕಡೆ ಕೈಯೆತ್ತಿ ಹರಸಿ ಹೋದರು.

ಹತ್ತು ನಿಮಿಷವೂ ಆಗಿರಲಿಲ್ಲ, ಒಳಬಾಗಿಲು ತೆರೆದು ಚಂಪಕ್ಕ ಬಂದಳು. ಸಣ್ಣ ಹೆಜ್ಜೆಯಿಟ್ಟು ಗಲ್ಲಾದವರೆಗೆ ಬಂದು, ಹೆದರಿದ ದನಿಯಲ್ಲಿ ಕೇಳಿದಳು. "ತಮ್ಮಾ, ನಾ ಉಪ್ಪು ಹಾಕಿದ್ನೇನೋ?"

"ಇಲ್ಲಕ್ಕಾ. ಉಪ್ಪು ಇಲ್ಲೇ ಐತಿ ನೋಡು" ಎಂದು ಡಬ್ಬಿ ತೆರೆದು ತೋರಿಸಿದೆ.

"ಮತ್ತ ಅವರು ಉಂಡ್ರೇನು?"

"ಹೊಟ್ಟಿ ತುಂಬ ಉಂಡ್ರಕ್ಕಾ. ನಿನ್ನ ಕೈಲೇನ ಉಂಡ್ರು."

ಅವಳ ಮುಖ ಅರಳಿತು. ಎರಡೂ ಕೈ ಎತ್ತಿ ಕಣ್ಣಿಗೆ ಒತ್ತಿಕೊಂಡಳು, ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದಳು, ಅದೇ ಹೆದರಿಕೆ, ಅದೇ ಪ್ರಶ್ನೆ. ಮತ್ತೆ ಡಬ್ಬಿ ತೆರೆದು ತೋರಿಸಿದೆ, ಮತ್ತೆ ಹೇಳಿದೆ. ಸಂಜೆಯೊಳಗೆ ಆರು ಸಲ ಬಂದಳು. ಆರು ಸಲವೂ ಅದು ಅವಳಿಗೆ ಹೊಸ ಸುದ್ದಿ, ಆರು ಸಲವೂ ಮೊದಲ ಸಲದಷ್ಟೇ ಹಿಗ್ಗಿದಳು. ಏಳನೆಯ ಸಲಕ್ಕೂ ನಾನು ಡಬ್ಬಿಯ ಮುಚ್ಚಳ ಸಡಿಲು ಮಾಡಿಕೊಂಡು ಕುಳಿತಿದ್ದೆ.